ಕಾಟಾದ ಕೇಬಲ್

"ಅಕ್ಕಾರ, ಒಂದೀಟು ಕಾಟಾದ ಮ್ಯಾಲ ನಿಂದರ್ರಿ. ತೂಕ ಕಂಪ್ಯೂಟರಿಗೆ ಬರತೈತೇನು ನೋಡೋಣು," ಅಂದ ಪ್ರಭುರಾಜ. ಗಂಗಾವತಿಯ ಆ ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾದಿಂದ ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಜೋಡಿಸಲು ಬಂದಿದ್ದ ಮೆಕ್ಯಾನಿಕ್ ಅವನು. ಮುಂಜಾನೆಯಿಂದ ಪರದೆಯ ಮೇಲೆ ಬರೀ ಅರ್ಥವಿಲ್ಲದ ಚಿಹ್ನೆಗಳೇ ಬರುತ್ತಿದ್ದವು. ಈಗ ಕಾಟಾ ಅಂಕಿ ಕಳಿಸುವ ವೇಗವನ್ನೂ ಕಂಪ್ಯೂಟರ್ ಅದನ್ನು ಓದುವ ವೇಗವನ್ನೂ ಒಂದೇ ಮಾಡಿದ್ದ.

ಚೀಲ ತೂಗುವ ಮಹೇಶ್ವರಿ ಚಪ್ಪಲಿ ಬಿಟ್ಟು ಹತ್ತಿದಳು. ಅವಳು ಬಸುರಿದ್ದಾಗ ಗೆಳತಿಯರು ತಿಂಗಳಿಗೊಮ್ಮೆ ಇದೇ ಕಾಟಾದ ಮೇಲೆ ನಿಲ್ಲಿಸಿ, ಏರಿದ ತೂಕ ನೋಡಿ ನಗುತ್ತಿದ್ದರು. ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ಮಹೇಶ್ವರಿ ಅಳಲಿಲ್ಲ, ಯಾರ ಮುಂದೂ ಅದರ ಮಾತೆತ್ತಲಿಲ್ಲ. ಉಣ್ಣು ಅಂದರೆ ಉಂಡಳು, ಕೆಲಸಕ್ಕೆ ಹೋಗು ಅಂದರೆ ಬಂದಳು.

ಪರದೆಯ ಮೇಲೆ ಅಂಕಿ ಮೂಡಿ ನಿಂತಿತು. ಪ್ರಭುರಾಜ ಅದನ್ನು ಅವಳತ್ತ ತಿರುಗಿಸಿದ.

"ನಲವತ್ತಾರು ಅಂತ ತೋರಸ್ತೈತ್ರಿ. ಬರೋಬ್ಬರಿ ಐತೇನ್ರಿ?"

ಮಹೇಶ್ವರಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಮತ್ತೆ ಸಿಕ್ಕಿಸಿದಳು.

"ಬರೋಬ್ಬರಿ ಐತ್ರಿ," ಅಂದಳು. "ಈಗ ನಾ ಒಬ್ಬಾಕಿನ ಅದೀನಿ."