ಕುರಿದೊಡ್ಡಿಯ ನೋಟ್‌ಬುಕ್

ಮಗಳ ಅರ್ಜಿಯಲ್ಲಿ ‘ಅನಾರೋಗ್ಯದ ಕಾರಣ’ ಎಂದು ಅನಂತಕೃಷ್ಣ ಟೈಪ್ ಮಾಡುತ್ತಿದ್ದಂತೆಯೇ ಸಾನ್ವಿ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. “ನಂಗೆ ಯಾವ ಕಾಯಿಲೆನೂ ಇರ್ಲಿಲ್ಲಪ್ಪ.”

“ಮತ್ತೆ ಈ 3.4ಕ್ಕೆ ಏನಂತ ಬರೀಲಿ?” ಜರ್ಮನಿಯಲ್ಲಿ ಒಂದು ಬಂದರೆ ಅತ್ಯುತ್ತಮ, ನಾಲ್ಕು ಬಂದರೆ ಬಚಾವಾದಂತೆ. ಜೀವಶಾಸ್ತ್ರದ ಪದವಿಯ ಈ ಸರಾಸರಿ ಇಟ್ಟುಕೊಂಡು ಹುಡುಗಿ ಪಶುವೈದ್ಯಕೀಯ ಓದಲು ಹೊರಟಿದ್ದಳು.

ಸಾನ್ವಿ ಉಣ್ಣೆಯ ವಾಸನೆ ಬಡಿಯುವ ನೋಟ್‌ಬುಕ್ಕೊಂದನ್ನು ಮೇಜಿನ ಮೇಲಿಟ್ಟಳು. ಅವಳು ಕೆಲಸಕ್ಕೆ ಹೋಗುವ ಕುರಿದೊಡ್ಡಿಯದು. ಅಲ್ಲಿ ಹುಟ್ಟಿದ ಒಂದೊಂದು ಮರಿಯ ದಿನಾಂಕವೂ ಅವಳ ಅಕ್ಷರದಲ್ಲಿತ್ತು. ಮೂವತ್ತು ವರ್ಷ ಯಂತ್ರಗಳ ದೋಷ ಹುಡುಕಿದ್ದ ಅಪ್ಪ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ತಾಳೆ ನೋಡಿದರು. ಫೆಬ್ರವರಿ ಹನ್ನೆರಡು, ರಸಾಯನಶಾಸ್ತ್ರ ಮೊದಲ ಸಲ ಫೇಲು. ನೋಟ್‌ಬುಕ್ಕಿನಲ್ಲಿ, ‘ಅವಳಿ ಮರಿ, ಒಂದರ ಹಿಂಗಾಲು ಮೊದಲು ಬಂತು.’ ಫೆಬ್ರವರಿ ಹತ್ತೊಂಬತ್ತು, ಭೌತಶಾಸ್ತ್ರ ಫೇಲು. ‘ತಾಯಿ ಉಳಿಯಲಿಲ್ಲ, ಮರಿಗೆ ಬಾಟಲಿ ಹಾಲು.’ ಅವರು ಲ್ಯಾಪ್‌ಟಾಪನ್ನು ಮತ್ತೆ ತಮ್ಮತ್ತ ಎಳೆದುಕೊಂಡು ಅನಾರೋಗ್ಯವನ್ನು ಅಳಿಸಿದರು. ಆ ಜಾಗದಲ್ಲಿ ಹುರುಪಿನಿಂದ ದಿನಾಂಕಗಳನ್ನೂ ಮರಿಗಳನ್ನೂ ತುಂಬಿಸತೊಡಗಿದರು.

ಜುಲೈ ಎಂಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಸಂಖ್ಯಾಶಾಸ್ತ್ರ ಫೇಲು. ನೋಟ್‌ಬುಕ್ಕಿನಲ್ಲಿ ಆ ತಿಂಗಳೇ ಇರಲಿಲ್ಲ.

“ಅವತ್ತು ಯಾವ ಮರಿನೂ ಹುಟ್ಲಿಲ್ವೇನೇ?” ಅಪ್ಪನ ದನಿಯಲ್ಲಿ ಆಸೆಯಿತ್ತು.

“ನಮ್ಮ ದೊಡ್ಡೀಲಿ ಜುಲೈನಲ್ಲಿ ಮರಿ ಹಾಕಲ್ಲಪ್ಪ. ಆ ಪರೀಕ್ಷೆಗೆ ನಾನು ಓದೇ ಇರ್ಲಿಲ್ಲ, ಅಷ್ಟೇ.”

ಅನಂತಕೃಷ್ಣ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಕೊನೆಯ ಸಾಲನ್ನೂ ಟೈಪ್ ಮಾಡಿದರು: ಜುಲೈ ಎಂಟು, ಓದಿರಲಿಲ್ಲ.