ಕವಿ ಮಲಗಿದ ಗುಡಿಸಲು

ಹೆಂಗಸು ಬೆಟ್ಟ ನೋಡುತ್ತಿಲ್ಲ, ತನ್ನನ್ನೇ ನೋಡುತ್ತಿದ್ದಾಳೆ ಎಂದು ಟಾರ್ಕಿಲ್‌ಗೆ ಮೂರನೆಯ ಸಲ ಅನ್ನಿಸಿತು.

ಎನಿಡ್ ಹಾರ್ಗ್ರೀವ್ ಲಂಡನ್ನಿನಲ್ಲಿ ಶಾಲೆಯ ಟೀಚರು. ನೂರು ವರ್ಷಗಳಿಗೂ ಹಿಂದೆ ಒಬ್ಬ ಇಂಗ್ಲಿಷ್ ಕವಿ ಈ ಮಲ್ ದ್ವೀಪವನ್ನು ನಡೆದೇ ದಾಟಿದ್ದ. ದಾರಿಯುದ್ದಕ್ಕೂ ತನ್ನ ತಮ್ಮನಿಗೆ ಕಾಗದ ಬರೆದಿದ್ದ. ಆ ಕಾಗದಗಳ ಪುಸ್ತಕ ಹಿಡಿದು, ಅದರಲ್ಲಿ ಬರುವ ಜಾಗಗಳನ್ನೆಲ್ಲ ನೋಡಬೇಕೆಂದು ಅವಳು ಬೆಳಿಗ್ಗೆ ಬಂದಿಳಿದಿದ್ದಳು. ದೋಣಿಕಟ್ಟೆಯಲ್ಲಿ ಬೇರೆ ಮೂವರು ದಾರಿ ತೋರಿಸುವವರಿದ್ದರು. ಆದರೂ ಅವಳು ಟಾರ್ಕಿಲ್‌ನ ಹೆಸರು ಹಿಡಿದೇ ಕೇಳಿದಳು. ಒಲ್ಲೆನೆಂದರೆ ಊರವರು ಯಾಕೆಂದು ಕೇಳುತ್ತಿದ್ದರು. ಅವನು ಕೋಲು ಎತ್ತಿಕೊಂಡು ಹೊರಟ.

ಹಳೆಯ ಛತ್ರ ಆಯಿತು. ಹೊಳೆ ದಾಟುವ ಕಲ್ಲುಗಳಾದವು. ನೀರು ಧುಮುಕುವ ಅಬ್ಬಿಯೂ ಆಯಿತು. ಒಂದೊಂದು ಜಾಗ ಬಂದಾಗಲೂ ಅವಳು ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕುತ್ತಿದ್ದಳು.

"ಈ ಪುಸ್ತಕ ಹಿಡ್ಕೊಂಡು ಬೇರೆ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು.

"ಆರು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ನಂತೆ ಅಮ್ಮಾವ್ರೇ. ಸಮುದ್ರಕ್ಕೆ ಬಿದ್ದು ಹೋದ. ಟೋಪಿ ಮಾತ್ರ ದಡದಲ್ಲಿ ಸಿಕ್ತು. ನಾನು ಆವಾಗ ದನದ ಸಂತೆಗೆ ಹೋಗಿದ್ದೆ, ಅವನ ಮುಖಾನೂ ನೋಡಿಲ್ಲ."

"ಪಾಪ," ಎಂದಳು. ಮುಖದಲ್ಲಿ ಏನೂ ಕಾಣಲಿಲ್ಲ.

ಮಧ್ಯಾಹ್ನಕ್ಕೆ ಕಣಿವೆಯ ಬಾಯಿಂದ ಮಂಜು ಮೇಲೇರತೊಡಗಿತು. ಟಾರ್ಕಿಲ್ ಹೆಜ್ಜೆ ಚುರುಕುಗೊಳಿಸಿದ.

"ಎಡಕ್ಕೆ ಕಾಲಿಡಬೇಡಿ. ಅದು ಹುಲ್ಲಲ್ಲ, ಹುದುಲು. ಹಸು ಇಳಿದ್ರೆ ಕೊಂಬೂ ಕಾಣಲ್ಲ."

"ಮನುಷ್ಯ ಇಳಿದ್ರೆ?"

"ಬೇಗ ನಡೀರಿ. ಮಂಜು ಕವಿದ್ರೆ ದಾರಿ ಸಿಗಲ್ಲ."

ಅವಳು ನಡೆಯಲಿಲ್ಲ. ನಿಂತು ಆ ಹಸಿರನ್ನೇ ತುಂಬ ಹೊತ್ತು ನೋಡಿದಳು. ಇಂಥ ಜಾಗದಲ್ಲಿ ಇವಳನ್ನು ಇನ್ನೊಂದು ಗಳಿಗೆ ನಿಲ್ಲಗೊಡಬಾರದು ಎನ್ನಿಸಿತು ಅವನಿಗೆ.

"ಇನ್ನು ಒಂದೇ ಜಾಗ ಉಳಿದಿದೆ," ಎಂದಳು. "ಇವತ್ತು ರಾತ್ರಿ ಕುರುಬನ ಗುಡಿಸಲಲ್ಲಿ ಮಲಗ್ತೀನಿ ಅಂತ ಕವಿ ಬರೆದಿದ್ದಾನೆ. ಅದು ಎಲ್ಲಿ? ಹುದುಲಿನ ಆಚೆಗಾ?"

"ಆಚೆಗೇನೂ ಇಲ್ಲ. ಇಲ್ಲೇ ಬಲಕ್ಕೆ ಬನ್ನಿ."

ಇಳಿಜಾರಿನಲ್ಲಿ ಮಾಡು ಕುಸಿದ ನಾಲ್ಕು ಕಲ್ಲುಗೋಡೆಗಳಿದ್ದವು. ಅವಳು ಹೊಸ್ತಿಲ ಮೇಲೆ ಕುಳಿತಳು. ಟಾರ್ಕಿಲ್ ಕೊಟ್ಟ ಓಟ್ಸ್ ರೊಟ್ಟಿಯನ್ನು ಮುರಿದಳು, ಬಾಯಿಗಿಡಲಿಲ್ಲ.

"ಗುರುತಿಲ್ಲದವನಿಗೆ ಜಾಗ ಕೊಟ್ರಲ್ಲ. ಎಂಥ ಒಳ್ಳೆ ಜನ. ಕವಿ ಆ ಉಪಕಾರ ಮರೆತಿರಲ್ಲ."

ಟಾರ್ಕಿಲ್ ಕೋಲನ್ನು ನೆಲಕ್ಕೆ ಕುಟ್ಟಿದ. ಸುಮ್ಮನಿರಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಈ ಮಾತನ್ನು ಅವನು ಬಹಳ ದಿನದಿಂದ ನುಂಗಿಕೊಂಡಿದ್ದ.

"ಉಪಕಾರ," ಎಂದ. "ಈ ಗುಡಿಸಲಲ್ಲಿದ್ದ ಮುದುಕಿ ನಮ್ಮ ಮುತ್ತಜ್ಜಿ. ಇದ್ದ ಒಂದೇ ಕಂಬಳೀನ ಅವನಿಗೆ ಕೊಟ್ಟು ತಾನು ಚಳೀಲಿ ಕೂತಿದ್ಳು. ಅವನು ತಮ್ಮನಿಗೆ ಏನು ಬರೆದ? ಮುದುಕಿ ಕದ್ದುಬಿಡ್ತಾಳೆ ಅಂತ ಬೂಟು ತಲೆ ಕೆಳಗಿಟ್ಕೊಂಡು, ಬೆಳಗಾಗೋವರೆಗೂ ಸುಳ್ಳು ಗೊರಕೆ ಹೊಡೆದ್ನಂತೆ. ಅದನ್ನ ಇಲ್ಲಿಗೆ ತಂದು ಗಟ್ಟಿಯಾಗಿ ಓದ್ತೀರಿ. ನಮ್ಮ ಹೊಸ್ತಿಲ ಮೇಲೆ ಕೂತು, ನನ್ನ ಮುಖ ನೋಡಿ ನಗ್ತೀರಿ."

"ನಾನು ನಗಲಿಲ್ಲ," ಎಂದಳು ಎನಿಡ್.

ಮಂಜು ಗೋಡೆಯವರೆಗೂ ಬಂದಿತ್ತು. ಅವಳು ಪುಸ್ತಕದ ಕೊನೆಯ ಪುಟ ತೆರೆದು ಅವನ ಮುಂದೆ ಹಿಡಿದಳು.

"ಗುಡಿಸಲಲ್ಲಿ ಮಲಗ್ತೀನಿ ಅನ್ನೋ ಸಾಲಿಗೇ ಈ ಪುಸ್ತಕ ಮುಗಿಯುತ್ತೆ, ಟಾರ್ಕಿಲ್ ಅವರೇ. ಬೂಟಿನ ವಿಷಯ ಇರೋ ಕಾಗದ ಎಲ್ಲೂ ಅಚ್ಚಾಗಿಲ್ಲ. ಅದು ನಮ್ಮನೆ ಅಟ್ಟದ ಮೇಲೆ ಸಿಕ್ಕಿದ್ದು, ಓದಿದವರು ಇಬ್ಬರೇ. ನಾನು, ಮತ್ತೆ ಅದನ್ನ ಕೋಟಿನ ಜೇಬಲ್ಲಿಟ್ಕೊಂಡು ಆರು ವರ್ಷದ ಹಿಂದೆ ಇಲ್ಲಿಗೆ ಬಂದ ನನ್ನ ತಮ್ಮ."