ಕೊನೆಯ ಸಾಲಿನ ಎರಡು ಗೆರೆ

ರಕ್ತದ ಪ್ರೋಟೀನುಗಳನ್ನು ಗೆರೆಗೆರೆಯಾಗಿ ಬೇರ್ಪಡಿಸುವ ಜೆಲ್ಲಿನ ಹಾಳೆಯನ್ನು ಬಣ್ಣದ ನೀರಿನಿಂದ ಎತ್ತಿದಾಗ ಅದರ ಕೊನೆಯ ಸಾಲಿನಲ್ಲಿ ಒಂದರ ಬದಲು ಎರಡು ನೀಲಿ ಗೆರೆಗಳಿದ್ದವು. ಮೊದಲ ಸಾಲುಗಳೆಲ್ಲ ಕಾಂಗರೂ, ಒಪೊಸಮ್‌ಗಳ ರಕ್ತದವು. ಕೊನೆಯದು ಹೋಲಿಕೆಗೆಂದು ಇಡುವ ಮನುಷ್ಯರ ರಕ್ತ. ಅದಕ್ಕೆ ವಿಜ್ಞಾನಿ ಯಾವಾಗಲೂ ತನ್ನದೇ ರಕ್ತ ಕೊಡುತ್ತಿದ್ದಳು. ಗೆರೆ ಯಾವಾಗಲೂ ಒಂದೇ ಬರುತ್ತಿತ್ತು.

"ಈ ಸಾಲು ಯಾರ ರಕ್ತ?"

"ನಂದೇ," ಎಂದಳು ಲ್ಯಾಬಿಗೆ ಆಗತಾನೇ ಕೆಲಸ ಕಲಿಯಲು ಸೇರಿದ್ದ ಮಗಳು. "ನೀನು ಸುಸ್ತಾಗಿದ್ದೆ. ಎಷ್ಟು ಸಲ ಅಂತ ಚುಚ್ಚಿಸ್ಕೊಳ್ತೀಯ?"

ಆ ಗೆರೆಗಳು ಒಂದೇ ಪ್ರೋಟೀನಿನವು. ಥೈರಾಯ್ಡ್ ಹಾರ್ಮೋನನ್ನು ಹೊತ್ತು ಮೈಯೆಲ್ಲ ಸುತ್ತುವ ಈ ಪ್ರೋಟೀನು ಹೊಟ್ಟೆಚೀಲದ ಪ್ರಾಣಿಗಳಲ್ಲಿ ಯುಗಯುಗಗಳಿಂದ ಚೂರುಚೂರೇ ಹೇಗೆ ಬದಲಾಗುತ್ತ ಬಂತು ಎಂಬುದೇ ಅಮ್ಮನ ಜೀವಮಾನದ ಕೆಲಸ. ಅದೇ ಪ್ರೋಟೀನಿನ ಒಂದು ಚೂರು ಅವಳ ಗಂಡನಲ್ಲಿ ಬದಲಾಗಿತ್ತು. ಅವನ ಸಾಲಿನಲ್ಲೂ ಹೀಗೇ ಎರಡು ಗೆರೆ ಬಂದಿದ್ದವು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಹೃದಯ ಸೋತಿತು. ಅಂಥ ಬದಲಾವಣೆ ಮಕ್ಕಳಿಗೂ ಇಳಿದುಬರಬಹುದಿತ್ತು. ಮಗಳಿಗೆ ಅಪ್ಪನ ಹಾರ್ಟು ಕೈಕೊಟ್ಟಿತು ಎಂದಷ್ಟೇ ಹೇಳಿ, ಅವಳ ರಕ್ತಪರೀಕ್ಷೆಯನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತ ಬಂದಿದ್ದಳು.

ಅಮ್ಮನ ಹೆಬ್ಬೆರಳು ತಾನಾಗಿಯೇ ಎರಡನೆಯ ಗೆರೆಯ ಮೇಲೆ ಹೋಗಿ ಕೂತಿತು.

"ಕೈ ತೆಗಿಯಮ್ಮ, ನೋಡೋಣ." ಮಗಳು ಆ ಬೆರಳನ್ನು ಮೆಲ್ಲಗೆ ಎತ್ತಿದಳು. "ಅಯ್ಯೋ, ಎರಡು! ನಿನ್ನ ಕಾಂಗರೂಗಳಿಗಿಂತ ನಾನೇ ಒಂದು ಕೈ ಮೇಲು ನೋಡು!"

ಮಗಳು ನಗುತ್ತ ಅಮ್ಮನ ಭುಜಕ್ಕೆ ಭುಜ ತಾಗಿಸಿದಳು.

"ಕಾಂಗರೂದು ಕೂದಲೆಳೆಯಷ್ಟು ಜರುಗಿದ್ರೂ ಕುಣಿದಾಡ್ತಿದ್ದೋಳು ನೀನು. ನನ್ನ ಗೆರೆಗೆ ಯಾಕಮ್ಮ ಕುಣೀತಿಲ್ಲ?"